ಕೊಪ್ಪಳದಿಂದ ಕರಾವಳಿಗೆ ಕಾರಿನಲ್ಲಿ: ದ್ವೀಪದ ದಿನವನ್ನು ಮೊದಲು ಗೊತ್ತುಮಾಡಿ

ಕೊಪ್ಪಳದ ಒಬ್ಬರ ಕೋರಿಕೆ:

ಡಿಸೆಂಬರ್ ಕೊನೆಯಲ್ಲಿ ಏಳು ಆಸನಗಳ ನಮ್ಮ ಕಾರಿನಲ್ಲಿ ಕುಟುಂಬದವರೆಲ್ಲ ಕರಾವಳಿಗೆ ಹೊರಡುವ ಯೋಚನೆಯಲ್ಲಿದ್ದೇವೆ. ತಂದೆ ತಾಯಿ ಇಬ್ಬರಿಗೂ ಎಪ್ಪತ್ತು ದಾಟಿದೆ, ಮಕ್ಕಳಿಬ್ಬರು ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಐದು ದಿನಗಳಲ್ಲಿ ಕಾರವಾರ, ಗೋಕರ್ಣ, ಮುರುಡೇಶ್ವರ, ಉಡುಪಿ, ಮಂಗಳೂರು ನೋಡಿಕೊಂಡು, ಸಾಧ್ಯವಾದರೆ ಎರಡು ಮೂರು ದ್ವೀಪಗಳಿಗೂ ಹೋಗಿಬರಬೇಕೆಂಬ ಆಸೆ ಇದೆ. ದಾರಿ, ವಸತಿ, ದೋಣಿ, ಊಟ ಇವುಗಳ ಬಗ್ಗೆ ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಬಳ್ಳಾರಿಯಿಂದ ಬಂದ ಉತ್ತರ:

ಐದು ದಿನಗಳಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಎಲ್ಲವನ್ನೂ ಮುಗಿಸುವ ಯೋಜನೆಯನ್ನು ದಯವಿಟ್ಟು ಕೈಬಿಡಿ. ಈ ಊರುಗಳೆಲ್ಲ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸಾಲಾಗಿ ಇರುವುದರಿಂದ ನಕ್ಷೆಯಲ್ಲಿ ಸುಲಭವೆಂದು ತೋರುತ್ತದೆ. ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 270 ಕಿ.ಮೀ. ಆಗುತ್ತದೆ, ಪ್ರತಿ ಊರಿನಲ್ಲೂ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ಒಳಕ್ಕೆ ಹೋಗಿ ಮತ್ತೆ ಹೊರಬರಬೇಕಾಗುತ್ತದೆ, ದಿನಕ್ಕೊಂದು ವಸತಿಗೃಹ ಬದಲಿಸುತ್ತ ಹೋದರೆ ವಯಸ್ಸಾದವರು ಎರಡನೆಯ ದಿನಕ್ಕೇ ಸೋತುಹೋಗುತ್ತಾರೆ. ಮೊದಲ ಎರಡು ರಾತ್ರಿ ಗೋಕರ್ಣ ಅಥವಾ ಮುರುಡೇಶ್ವರದ ಆಸುಪಾಸಿನಲ್ಲಿ, ಮುಂದಿನ ಎರಡು ರಾತ್ರಿ ಉಡುಪಿ ಅಥವಾ ಮಲ್ಪೆಯಲ್ಲಿ ಉಳಿಯಿರಿ. ಮಂಗಳೂರನ್ನು ಇನ್ನೊಮ್ಮೆ ನೋಡಿದರಾಯಿತು.

ಇದಕ್ಕಿಂತ ಮುಖ್ಯವಾದದ್ದು ದ್ವೀಪದ ದಿನ. ಬಹಳಷ್ಟು ಜನ ಊರುಗಳನ್ನೆಲ್ಲ ಹೊಂದಿಸಿಕೊಂಡು, ಉಳಿದ ಅರ್ಧ ದಿನದಲ್ಲಿ ದ್ವೀಪವನ್ನು ತುರುಕುತ್ತಾರೆ. ನೀವು ಅದನ್ನು ತಿರುವುಮುರುವು ಮಾಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಪೂರ್ತಿ ನಿಂತಿರುತ್ತವೆ, ಉಳಿದ ತಿಂಗಳುಗಳಲ್ಲೂ ಕಡಲು ಒರಟಾದ ದಿನ ಬಿಡುವುದಿಲ್ಲ. ಆದುದರಿಂದ ಉಡುಪಿಯಲ್ಲಿ ಇಳಿದ ಮರುದಿನ ಬೆಳಿಗ್ಗೆಯನ್ನು ದ್ವೀಪಕ್ಕೆ ಇಟ್ಟುಕೊಂಡು, ಅದರ ಮಾರನೆಯ ಬೆಳಿಗ್ಗೆಯನ್ನೂ ಖಾಲಿ ಬಿಟ್ಟಿರಿ. ಮೊದಲ ದಿನ ದೋಣಿ ಸಿಕ್ಕರೆ ಎರಡನೆಯ ಬೆಳಿಗ್ಗೆ ಕೃಷ್ಣ ಮಠದ ದರ್ಶನಕ್ಕಾಗುತ್ತದೆ, ಸಿಗದಿದ್ದರೆ ಅವೆರಡನ್ನು ಅದಲುಬದಲು ಮಾಡಿಕೊಳ್ಳಬಹುದು. ಸಾಧ್ಯವಾದಷ್ಟು ಮೊದಲ ದೋಣಿಗೇ ಹೋಗಿ. ಮಧ್ಯಾಹ್ನವಾದಂತೆ ಕಡಲ ಗಾಳಿ ಎದ್ದು ಅಲೆ ಹೆಚ್ಚುತ್ತದೆ, ದ್ವೀಪದ ಬಂಡೆಗಳೂ ಬಿಸಿಲಿಗೆ ಕಾದು ಕಾಲಿಡಲಾಗದಂತೆ ಆಗುತ್ತವೆ.

ಅಲ್ಲಿ ಇಳಿದ ಮೇಲೆ ಛಾಯಾಚಿತ್ರ ತೆಗೆಸಿಕೊಂಡು ಮರಳಿಬಿಡಬೇಡಿ, ಮಕ್ಕಳನ್ನು ಕಲ್ಲಿನ ಕಂಬಗಳ ಹತ್ತಿರ ಕೂರಿಸಿರಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣಿಯುವಾಗ ಕುಗ್ಗಿ, ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವ ಹಾಗೆ ಬಿರಿಯಿತು. ಆ ಬಿರುಕುಗಳು ಕೆಳಕ್ಕೆ ಇಳಿದುದರಿಂದ ಕಲ್ಲು ಮೂಲೆಮೂಲೆಯ ಕಂಬಗಳಾಗಿ ನಿಂತಿದೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಅಲ್ಲಲ್ಲಿ ಏಳು. ಮಕ್ಕಳು ಬೆರಳಿಟ್ಟು ಎಣಿಸುತ್ತ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆನೆಗೊಂದಿ, ಹಂಪಿಯ ಉರುಟು ಗುಂಡುಗಳನ್ನು ದಿನವೂ ನೋಡುವ ನಮ್ಮ ಕಡೆಯ ಮಕ್ಕಳಿಗೆ ಇದನ್ನು ತೋರಿಸಲೇಬೇಕು. ನಮ್ಮದು ನೆಲದ ಆಳದಲ್ಲಿ ನಿಧಾನವಾಗಿ ತಣಿದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇದು ಮೇಲಕ್ಕೆ ಉಕ್ಕಿ ಬೇಗ ತಣಿದ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪಿನ ಚೂರುಗಳೇ ಹೆಚ್ಚಾಗಿರುವುದರಿಂದ ಎಲ್ಲರಿಗೂ ಹಿಂಬದಿ ಪಟ್ಟಿಯಿರುವ ಚಪ್ಪಲಿ ಇರಲಿ. ದೋಣಿ ಹತ್ತಿ ಇಳಿಯುವಾಗ ನೀರಿನಲ್ಲಿ ಕಾಲಿಡಬೇಕಾಗಿ ಬರಬಹುದು, ಆಗ ಹಿರಿಯರಿಗೆ ಎರಡೂ ಕಡೆ ಆಸರೆ ಬೇಕಾಗುತ್ತದೆ. ಮೊಣಕಾಲು ನೋವಿರುವವರು ಮಲ್ಪೆಯ ದಡದಲ್ಲೇ ಉಳಿಯುವುದು ಒಳ್ಳೆಯದು. ಅಲ್ಲಿನ ಸೀ ವಾಕ್ ಮೇಲೆ ನಿಧಾನವಾಗಿ ನಡೆದು ಕಡಲನ್ನು ಹತ್ತಿರದಿಂದ ನೋಡಬಹುದು.

ಹೋಗುವ ದಾರಿ ನಿಮಗೆ ಗೊತ್ತಿರುವುದೇ: ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ. ಸಂಡೂರು ಹೊಸಪೇಟೆಗಳ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಊರಿನ ಎಷ್ಟೋ ಚಾಲಕರು ಈ ದಾರಿಯಲ್ಲೇ ಬದುಕಿದವರು. ಇಂದಿಗೂ ಅರಬೈಲು ಘಟ್ಟದ ತಿರುವುಗಳಲ್ಲಿ ಭಾರದ ಲಾರಿಗಳು ಇದ್ದೇ ಇರುತ್ತವೆ. ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 130 ಕಿ.ಮೀ. ಮಾತ್ರವಾದರೂ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆಂದು ಲೆಕ್ಕ ಹಾಕಿ. ಬೆಳಿಗ್ಗೆ ಆರಕ್ಕೆ ಕೊಪ್ಪಳ ಬಿಟ್ಟು, ಹುಬ್ಬಳ್ಳಿಯಲ್ಲಿ ಹಗುರವಾಗಿ ತಿಂಡಿ ತಿಂದು, ಘಟ್ಟ ಇಳಿದ ಮೇಲೆಯೇ ಊಟ ಮಾಡಿ. ಹೊಟ್ಟೆ ತುಂಬಿಸಿಕೊಂಡು ಆ ತಿರುವುಗಳನ್ನು ಇಳಿದರೆ ಹಿಂದಿನ ಆಸನದ ಮಕ್ಕಳಿಗೆ ವಾಂತಿ ಖಂಡಿತ. ಕತ್ತಲಾದ ಮೇಲೆ ಘಟ್ಟಕ್ಕೆ ಕಾರು ಇಳಿಸಬೇಡಿ.

ಶಿರೂರು ಎಂಬ ಹೆಸರಿನ ಎರಡು ಊರುಗಳು ಕರಾವಳಿಯ ಹೆದ್ದಾರಿ 66ರಲ್ಲಿವೆ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜೀವಹಾನಿಯಾದದ್ದು ಅಂಕೋಲಾದ ಬಳಿಯ ಶಿರೂರಿನಲ್ಲಿ. ಟೋಲ್ ಇರುವುದು ಬೈಂದೂರಿನ ಹತ್ತಿರದ ಶಿರೂರಿನಲ್ಲಿ. ಮೊಬೈಲ್ ನಕ್ಷೆಯಲ್ಲಿ ಹುಡುಕುವಾಗ ತಾಲ್ಲೂಕಿನ ಹೆಸರನ್ನೂ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಈ ದಾರಿಗೆ ಹೊರಡುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಡಿಸೆಂಬರ್ ಆರಿಸಿದ್ದು ಸರಿಯಾಗಿದೆ.

ರಾಯಚೂರಿನಿಂದ ಬಂದ ಉತ್ತರ:

ಮೇಲಿನವರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳೂ ಕ್ರಿಸ್‌ಮಸ್ ರಜೆಯ ಜನರೂ ಒಟ್ಟಿಗೆ ಸೇರುವುದರಿಂದ ಮುರುಡೇಶ್ವರದಲ್ಲಿ ಕೊಠಡಿ ಸಿಗುವುದೇ ಕಷ್ಟವಾಗುತ್ತದೆ. ವಾರದ ನಡುವಿನ ದಿನಗಳನ್ನು ಆರಿಸಿಕೊಂಡು, ಕೊಠಡಿಗಳನ್ನು ಮುಂಗಡವಾಗಿಯೇ ಕಾದಿರಿಸಿ. ನೆಲಮಹಡಿಯಲ್ಲೇ ಕೊಠಡಿ ಬೇಕೆಂದು ಕೇಳಿ ಖಚಿತಪಡಿಸಿಕೊಳ್ಳುವುದನ್ನು ಮರೆಯಬೇಡಿ. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ನಮ್ಮ ತಾಯಿಯವರೂ ಮೇಲಿನಿಂದ ಶಿವನ ಪ್ರತಿಮೆಯನ್ನೂ ಕಡಲನ್ನೂ ಕಣ್ತುಂಬ ನೋಡಿದರು. ಸಾಲು ಚಿಕ್ಕದಿರುವ ಬೆಳಗಿನ ಹೊತ್ತಿಗೇ ಹೋಗಿ.

ನಮ್ಮ ಕಡೆಯ ಒಣ ಬಿಸಿಲಿಗೆ ಒಗ್ಗಿದವರಿಗೆ ಕರಾವಳಿಯ ಸೆಕೆ ಬೇರೆ ರೀತಿಯದು. ಬಿಸಿಲು ಕಡಿಮೆಯಿದ್ದರೂ ಬೆವರು ಆರುವುದಿಲ್ಲ, ಹಿರಿಯರಿಗೆ ಬೇಗ ಸುಸ್ತಾಗುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆಯವರೆಗೆ ಕೊಠಡಿಯಲ್ಲೇ ವಿಶ್ರಾಂತಿ ಕೊಡಿಸಿ. ಊಟದ ವಿಷಯದಲ್ಲಿ, ನೀರುದೋಸೆ, ಗೋಳಿಬಜೆ ಎಲ್ಲರಿಗೂ ರುಚಿಸುತ್ತವೆ. ಆದರೆ ಅನೇಕ ಕಡೆ ಬಡಿಸುವ ಕುಚಲಕ್ಕಿ ಅನ್ನ ಜೋಳದ ರೊಟ್ಟಿಯ ರೂಢಿಯಿರುವ ಹಿರಿಯರಿಗೆ ಒಗ್ಗದೆ ಹೋಗಬಹುದು. ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಾರಿನಲ್ಲಿ ಇರಲಿ. ಎಲ್ಲಿಯಾದರೂ ಮೊಸರು ಸಿಕ್ಕರೆ ಅವರ ಊಟ ಮುಗಿದಂತೆಯೇ. ಅವರ ಮಾತ್ರೆಗಳನ್ನು ಡಿಕ್ಕಿಯ ಚೀಲದಲ್ಲಿ ಇಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಕೊಪ್ಪಳದ ಇನ್ನೊಬ್ಬರ ಉತ್ತರ:

ಉಳಿದ ದ್ವೀಪಗಳ ಬಗ್ಗೆ ನಾನು ಹೇಳುತ್ತೇನೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿಗೆ ಹೋಗುವ ದೋಣಿಗಳು ಮುಖ್ಯವಾಗಿ ಸ್ಕೂಬಾ ಡೈವಿಂಗ್ ಮಾಡುವವರಿಗಾಗಿ ಇರುವಂಥವು. ತೆರೆದ ಕಡಲಿನಲ್ಲಿ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ ನಿಮ್ಮ ಮಕ್ಕಳಿಗಾಗಲಿ ಹಿರಿಯರಿಗಾಗಲಿ ತಕ್ಕುದಲ್ಲ. ಕಾರವಾರದ ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ, ಜಾತ್ರೆ ಜನವರಿಯ ಸುಮಾರಿಗೆ ನಡೆಯುತ್ತದೆ. ಆದರೆ ಅದಕ್ಕಾಗಿ ಉತ್ತರಕ್ಕೆ ತಿರುಗಿದರೆ ಉಡುಪಿಯ ಒಂದು ದಿನ ಕಡಿಮೆಯಾಗುತ್ತದೆ. ಆದ್ದರಿಂದ ಒಂದೇ ದ್ವೀಪ ಸಾಕು, ಅದನ್ನು ನೆಮ್ಮದಿಯಿಂದ ನೋಡಿ.

ದ್ವೀಪಕ್ಕೆ ಬದಲಾಗಿ ಹೊಳೆಯ ದೋಣಿ ಹಿರಿಯರಿಗೆ ಹೆಚ್ಚು ಹಿತವಾಗಿರುತ್ತದೆ. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನಲ್ಲಿ ದೋಣಿವಿಹಾರವಿದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆಯ ಕಾಲುದಾರಿಯೂ ಇದೆ. ಅಲ್ಲೇ ಸಮೀಪದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದೆ. ಶೌಚಾಲಯ, ಸ್ನಾನದ ವ್ಯವಸ್ಥೆ ಇರುವ ಇಂಥ ಕಡೆಯೇ ಮಕ್ಕಳನ್ನು ನೀರಿಗೆ ಬಿಡಿ. ಕೆರೆ ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಕಡಲಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಿಂದಕ್ಕೆ ಎಳೆಯುವ ನೀರು ಮೇಲಿನಿಂದ ಶಾಂತವಾಗಿಯೇ ಕಾಣುತ್ತದೆ. ಕೆಂಪು ಬಾವುಟ ಹಾಕಿದ್ದಲ್ಲಿ, ಜೀವರಕ್ಷಕರು ಇಲ್ಲದಲ್ಲಿ, ಮೊಣಕಾಲು ಮುಳುಗುವಷ್ಟೂ ಇಳಿಯಬೇಡಿ. ಇದನ್ನು ಹೊರಡುವ ಮುನ್ನವೇ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿ.

ಕುಂದಾಪುರಕ್ಕೆ ಮೊದಲು ಸಿಗುವ ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ವಾಹನಗಳು ಅಲ್ಲಿ ವೇಗವಾಗಿ ಓಡುವುದರಿಂದ ಕಾರನ್ನು ಹೆದ್ದಾರಿಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಮರಳುವಾಗ ಬಂದ ದಾರಿಯನ್ನೇ ಹಿಡಿಯದೆ, ಹೊನ್ನಾವರಕ್ಕೆ ಬಂದು ಗೇರುಸೊಪ್ಪೆಯ ಘಟ್ಟ ಹತ್ತಿ, ಜೋಗ ನೋಡಿಕೊಂಡು ಸಾಗರ ಅಥವಾ ಶಿವಮೊಗ್ಗದಲ್ಲಿ ರಾತ್ರಿ ತಂಗಿದರೆ, ಮರುದಿನ ಹೊನ್ನಾಳಿ, ಹರಿಹರ, ಹರಪನಹಳ್ಳಿ, ಹೊಸಪೇಟೆಯ ಮೂಲಕ ಊಟದ ಹೊತ್ತಿಗೆ ಊರು ಸೇರಬಹುದು. ಇದಕ್ಕೆ ಆರನೆಯ ದಿನ ಬೇಕಾಗುತ್ತದೆ. ರಜೆ ಸಿಗದಿದ್ದರೆ ಜೋಗವನ್ನು ಬಿಟ್ಟು ಅಂಕೋಲಾದ ದಾರಿಯಲ್ಲೇ ಹಗಲಿನಲ್ಲಿ ಮರಳಿ.