ಅಮ್ಮನಿಗೆ ಅಣಬೆ ಕ್ಯಾಪ್ಸೂಲ್ ಕೊಡಬಹುದಾ? ತಗೊಂಡವರು ಅನುಭವ ಹೇಳಿ

ಶಿರಾ
ಅಮ್ಮನಿಗೆ 58 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ಈಗ ಹಿಮೋಗ್ಲೋಬಿನ್ 9.1 ಬಂದಿದೆ. ಚಿಕ್ಕಮ್ಮ ಗ್ಯಾನೋಡರ್ಮಾ ಅಣಬೆ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಜೊತೆಗೆ ಅಮೃತಬಳ್ಳಿ ಕಷಾಯ, ನುಗ್ಗೆಸೊಪ್ಪಿನ ಪುಡಿ. ಮೂರೂ ಒಟ್ಟಿಗೆ ಕೊಡಬಹುದಾ? ಡಬ್ಬಿ ಇನ್ನೂ ಒಡೆದಿಲ್ಲ.

ಮುಳಬಾಗಿಲು
ಡಬ್ಬಿ ವಾಪಸ್ ಕೊಡಿ. ಎರಡನೇ ಹೆರಿಗೆ ಆದ್ಮೇಲೆ ನನ್ನದು 8.2ಕ್ಕೆ ಇಳಿದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದರು. ನಮ್ಮತ್ತೆ ಬೆರಕೆ ಸೊಪ್ಪು ಶುರು ಮಾಡಿಸಿದರು. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ನುಗ್ಗೆ ಚಿಗುರು, ಹೊಲದಲ್ಲಿ ಏನು ಸಿಗುತ್ತೋ ಅದು. ತೊಗರಿಬೇಳೆ ಜೊತೆ ಬೇಯಿಸಿ, ಮಸೆದು, ಮುದ್ದೆಗೆ. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಬೇಕು. ಅದರ ವಿಟಮಿನ್ ಸಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಊಟ ಆದ ತಕ್ಷಣ ಕಾಫಿ, ಟೀ ಬಂದ್. ಅದು ಕಬ್ಬಿಣ ಹೀರೋದನ್ನ ತಡೆಯುತ್ತೆ. ನಮ್ಮ ಮನೆಯಲ್ಲಿ ಜಗಳ ಆಗಿದ್ದೆಲ್ಲ ಈ ಕಾಫಿ ವಿಷಯಕ್ಕೇ. ನನ್ನ ಹಿಮೋಗ್ಲೋಬಿನ್ 11.6ಕ್ಕೆ ಬಂತು. ಸೊಪ್ಪಿಗೆ ಒಂದು ರೂಪಾಯಿ ಖರ್ಚಿಲ್ಲ.

ಕೊರಟಗೆರೆ
ಅಕ್ಕ, ಮಾತ್ರೆ ನುಂಗಿದ್ದೀರಿ, ಹೆಸರು ಸೊಪ್ಪಿಗೆ ಕೊಡ್ತೀರಿ. ಸೊಪ್ಪು ತಿನ್ನಲಿ, ಬೇಡ ಅನ್ನಲ್ಲ. ಆದ್ರೆ 9.1 ಇರೋರಿಗೆ ಮಾತ್ರೆ ಬಿಡಿಸೋ ಹಾಗೆ ಬರೀಬೇಡಿ.

ಅಮೃತಬಳ್ಳಿ ವಿಷಯ ನನ್ನ ಹತ್ತಿರ ಕೇಳಿ. ಸಿದ್ದರಬೆಟ್ಟದ ಬುಡದಲ್ಲೇ ನಮ್ಮ ಮನೆ. ಬಳ್ಳಿ ನಮಗೆ ಹೊಸದಲ್ಲ. ಕೊರೊನಾ ಟೈಮಲ್ಲಿ ನಮ್ಮ ಬಾವ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿದರು. ಊಟ ಸೇರಲ್ಲ ಅಂದರು, ಆಮೇಲೆ ಕಣ್ಣು ಹಳದಿ, ಮೂತ್ರ ಡಿಕಾಕ್ಷನ್ ಬಣ್ಣ. ಲಿವರ್ ಟೆಸ್ಟ್‌ನಲ್ಲಿ ಎಸ್‌ಜಿಪಿಟಿ 1,140. ಇರಬೇಕಾಗಿದ್ದು 50ರ ಒಳಗೆ. ಹೆಪಟೈಟಿಸ್ ಟೆಸ್ಟ್ ಎಲ್ಲಾ ನೆಗೆಟಿವ್. ಕುಡಿತ ಇಲ್ಲ. ಬೆಂಗಳೂರಿಗೆ ಕಾರು 3,500. ಆಸ್ಪತ್ರೆ ಬಿಲ್ 62,000. ಸ್ಕ್ಯಾನಿಂಗ್ ಬೇರೆ, ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇರೆ. ಹಾಲು ಕೊಡೋ ಹಸು 38,000ಕ್ಕೆ ಮಾರಿದ್ವಿ, ಸಂತೆಯಲ್ಲಿ 55,000 ಬಾಳ್ತಿತ್ತು. ಕಷಾಯ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳೀತು. ನಮ್ಮ ಬಾವ ಒಬ್ಬರೇ ಅಲ್ಲ. ಮುಂಬೈನಲ್ಲಿ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಹೀಗೇ ಲಿವರ್ ಕೆಟ್ಟ 6 ಜನರ ಬಗ್ಗೆ ಡಾಕ್ಟರ್‌ಗಳು 2021ರಲ್ಲಿ ವರದಿ ಬರೆದಿದ್ದಾರೆ.

ತಿಪಟೂರು
ಆ ವರದಿಗೆ ಆಯುಷ್ ಸಚಿವಾಲಯ 2021ರಲ್ಲೇ ಉತ್ತರ ಕೊಟ್ಟಿದೆ. ಅವರು ಕುಡಿದಿದ್ದು ನಿಜವಾದ ಅಮೃತಬಳ್ಳಿನೇನಾ ಅಂತ ಯಾರೂ ಗುರುತಿಸಿರಲಿಲ್ಲ. ಅದೇ ಜಾತಿಯ ಇನ್ನೊಂದು ಬಳ್ಳಿ ಇದೆ, ಕಾಂಡದ ಮೇಲೆಲ್ಲ ಗಂಟು ಗಂಟು. ಹೊಸಬರು ಅದನ್ನೇ ಕಿತ್ತು ತರ್ತಾರೆ. ನಮ್ಮ ತಾತ ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. 84 ವರ್ಷ ಬದುಕಿದರು. ನಾನೂ ಕುಡಿತೀನಿ, ನನ್ನ ಲಿವರ್ ಟೆಸ್ಟ್ ಸರಿಯಾಗೇ ಇದೆ.

ಹಿರಿಯರ ತಿಳಿವಳಿಕೆ ಬಗ್ಗೆ ಹಗುರವಾಗಿ ಮಾತಾಡಬೇಡಿ. ಅರಿಶಿನಕ್ಕೆ ಮೆಣಸು ಸೇರಿಸೋದು ನಮ್ಮಜ್ಜಿಗೆ ಗೊತ್ತಿತ್ತು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅದನ್ನೇ ಪರೀಕ್ಷೆ ಮಾಡಿದರು. ಮೆಣಸಿನ ಪೈಪರಿನ್ ಸೇರಿದರೆ ಅರಿಶಿನದ ಕರ್ಕ್ಯುಮಿನ್ ಮೈಗೆ ಸೇರೋದು 20 ಪಟ್ಟು ಜಾಸ್ತಿ ಅಂತ ಬಂತು.

ಕೊರಟಗೆರೆ
ಬಳ್ಳಿ ತಂದುಕೊಟ್ಟಿದ್ದು ನಮ್ಮಪ್ಪ. ಜೀವಮಾನ ಪೂರ್ತಿ ಆ ಬೆಟ್ಟ ಹತ್ತಿ ಇಳಿದವರು. ಅವರಿಗೆ ಬಳ್ಳಿ ಗೊತ್ತಿಲ್ಲ ಅಂತ ತಿಪಟೂರಿನಲ್ಲಿ ಕೂತು ಹೇಳಬೇಡಿ. ಮೆಣಸಿನ ಮಾತು ನೀವೇ ತೆಗೆದಿರಿ. ಆ ಪೈಪರಿನ್ ಅರಿಶಿನವನ್ನಷ್ಟೇ ಅಲ್ಲ, ಕೆಲವು ಮಾತ್ರೆಗಳನ್ನೂ ರಕ್ತದಲ್ಲಿ ಜಾಸ್ತಿ ಮಾಡುತ್ತೆ. ಮಾತ್ರೆ ತಗೊಳ್ಳೋರಿಗೆ ಕಷಾಯ ಕೊಡೋಕೆ ಮುಂಚೆ ಡಾಕ್ಟರ್‌ಗೆ ಹೇಳಿ ಅನ್ನೋದು ಇದಕ್ಕೇ.

ಶಿಡ್ಲಘಟ್ಟ
ಅಣಬೆ ಅಂತ ಕೇಳಿದ್ದಕ್ಕೆ ಬಂದೆ, ಇಲ್ಲಿ ಬಳ್ಳಿ ಜಗಳ. ರೇಷ್ಮೆ ಬಿಟ್ಟ ಮೇಲೆ ಹುಳು ಮನೆ ಸುಮ್ನೆ ಖಾಲಿ ಇತ್ತು. ಅದರಲ್ಲೇ ಚಿಪ್ಪಣಬೆ ಬೆಳೀತಿದ್ದೀನಿ. ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ. ಅಣಬೆ ಬೆಳೆಯೋಕೆ ಬೇಕಾದ ಭತ್ತದ ಹುಲ್ಲು ಇಲ್ಲಿ ಸಿಗಲ್ಲ, ಹುಲ್ಲಿಗಿಂತ ಟೆಂಪೋ ಬಾಡಿಗೆನೇ ಜಾಸ್ತಿ. ನೆನೆಸಿ, ಬಿಸಿನೀರಲ್ಲಿ ಬೇಯಿಸಿ, ಆರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆ ಆಗಬೇಕು, ತೊಟ್ಟಿಕ್ಕಬಾರದು. ಇದೊಂದು ತಪ್ಪಿದರೆ ಹಸಿರು ಬೂಷ್ಟು. ಒಂದು ಮಳೆಗಾಲದಲ್ಲಿ ಇಡೀ ಕೋಣೆ ಹೋಯ್ತು, 14,000 ನಷ್ಟ, ಬ್ಯಾಗೆಲ್ಲ ಗುಂಡಿಗೆ ಹಾಕಿದೆ. ಆದ್ರೂ ಬಿಡಲಿಲ್ಲ. ಈಗ ಚಿಕ್ಕಬಳ್ಳಾಪುರದ ಹೋಟೆಲ್‌ನವರೇ ಫೋನ್ ಮಾಡಿ ಕೇಳ್ತಾರೆ.

ಚಿಪ್ಪಣಬೆಯನ್ನ ಅಡಿಭಾಗ ಮೇಲೆ ಮಾಡಿ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಅದರಲ್ಲಿ ವಿಟಮಿನ್ ಡಿ ಹುಟ್ಟುತ್ತೆ. ನಾರು ಇದೆ, ಒಳ್ಳೆ ಊಟ. ಆದ್ರೆ ರಕ್ತಹೀನತೆಗೆ ಔಷಧಿ ಅಂತ ನಾನು ಹೇಳಿ ಮಾರಲ್ಲ. ಗ್ಯಾನೋಡರ್ಮಾ ಮರದ ಹಾಗೆ ಗಟ್ಟಿ, ಹುರಿದು ತಿನ್ನೋಕಾಗಲ್ಲ, ಅದಕ್ಕೇ ಪುಡಿ ಮಾಡ್ತಾರೆ. ಶುಗರ್ ಇರೋರ ಮೇಲೆ ನಡೆದ ಪ್ರಯೋಗಗಳನ್ನ 2015ರಲ್ಲಿ ಕೊಕ್ರೇನ್ ಸಂಸ್ಥೆ ಒಟ್ಟು ಮಾಡಿ ನೋಡಿತು. ಶುಗರ್ ಇಳಿಸುತ್ತೆ ಅನ್ನೋಕೆ ಆಧಾರ ಸಿಗಲಿಲ್ಲ. ಡಬ್ಬಿ ಮಾರೋರು ಅದನ್ನ ಹೇಳಲ್ಲ.

ಗೌರಿಬಿದನೂರು
ಡಬ್ಬಿ ಮಾರೋರು ಅಂದರೆ ಕಳ್ಳರಾ? ನಾನೂ ಮಾರ್ತೀನಿ, ಮುಂಚೆ ನಾನೇ ತಗೊಂಡಿದ್ದೀನಿ. ಡಬ್ಬಿಗೆ 3,200. ರಾತ್ರಿ ನಿದ್ದೆ ಬರ್ತಿರಲಿಲ್ಲ, ಈಗ ಬರುತ್ತೆ. ಊಟಕ್ಕೆ ಮುಂಚಿನ ಶುಗರ್ 190 ಇದ್ದಿದ್ದು 140ಕ್ಕೆ ಬಂದಿದೆ. ಮಾತ್ರೆ ಬಿಟ್ಟಿಲ್ಲ, ಬಿಡಿ ಅಂತ ಯಾರಿಗೂ ಹೇಳಿಲ್ಲ. ನನ್ನ ಮೈಯಲ್ಲಿ ಆಗಿದ್ದನ್ನ ಹೇಳೋಕೆ ಯಾವ ಸಂಸ್ಥೆ ಅಪ್ಪಣೆನೂ ಬೇಕಾಗಿಲ್ಲ. ನಿಮ್ಮ ಚಿಪ್ಪಣಬೆ ಕೆಜಿಗೆ 250 ಅಂತ ಮಾರ್ತೀರಲ್ಲ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ.

ಶಿಡ್ಲಘಟ್ಟ
ನೀರೇ. 10 ಕೆಜಿ ಒಣಗಿಸಿದರೆ 1 ಕೆಜಿ ಉಳಿಯುತ್ತೆ. ಟೊಮೆಟೊದಲ್ಲಿ ಇನ್ನೂ ಜಾಸ್ತಿ ನೀರು, ಅದನ್ನ ಬೈತೀರಾ? ನೀವು ಬೆಳಿಗ್ಗೆ ವಾಕಿಂಗ್ ಶುರು ಮಾಡಿದೆ ಅಂತ ಹೋದ ತಿಂಗಳು ಇಲ್ಲೇ ಬರೆದಿದ್ದಿರಿ. ಶುಗರ್ ಇಳಿದಿದ್ದು ಡಬ್ಬಿಯಿಂದಲೇ ಅಂತ ಹೇಗೆ ಹೇಳ್ತೀರಿ?

ಮಧುಗಿರಿ
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋದು. ಶಿರಾದವರೇ, ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡರೆ ಬಿ12 ಕಡಿಮೆ ಆಗಬಹುದು. ಅದರಿಂದಲೂ ರಕ್ತ ಇಳಿಯುತ್ತೆ. ಆಗ ಕಬ್ಬಿಣ, ಸೊಪ್ಪು ಎಷ್ಟು ಕೊಟ್ಟರೂ ಏರಲ್ಲ. ಸೊಪ್ಪಲ್ಲಿ ಬಿ12 ಇಲ್ಲ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಟೆಸ್ಟ್), ಬಿ12 ಎರಡನ್ನೂ ಬರೆಸಿಕೊಂಡು ಮಾಡಿಸಿ. ನಮ್ಮಮ್ಮನಿಗೆ ಇಂಜೆಕ್ಷನ್ ಕೊಡಿಸಿದ ಮೇಲೇ ಕಾಲು ಜೋಮು ಕಡಿಮೆ ಆಗಿದ್ದು. ಅದಕ್ಕೂ ಮುಂಚೆ ಕಾಲಿಗೆ ಅಂತ ಎಣ್ಣೆಗೇ 9,000 ಸುರಿದಿದ್ವಿ.

ಮಾಲೂರು
ಸೊಪ್ಪು ಸೊಪ್ಪು ಅಂತೀರಿ, ಕೋಲಾರದಲ್ಲಿ ಈಗ ಕಳೆನಾಶಕ ಹೊಡೆಯದ ಹೊಲ ಎಲ್ಲಿದೆ ತೋರಿಸಿ. ಅದೂ ಸಾಲದು ಅಂತ 2018ರಿಂದ ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಸೋಸಿ ನಮ್ಮ ಕೆರೆಗೆ ಬಿಡ್ತಾರೆ. ಮೂರನೇ ಹಂತ ಮಾಡಿ ಅಂತ ಕೂಗಿ ಕೂಗಿ ಗಂಟಲು ಒಣಗಿತು. ಆ ಕೆರೆ ಅಂಚಿನ ಹೊನಗೊನ್ನೆ ರಕ್ತಕ್ಕೆ ಒಳ್ಳೇದಾ?

ಮುಳಬಾಗಿಲು
ಕೆರೆ ಅಂಚಿನದ್ದು ಕಿತ್ತೆ ಅಂತ ನಾನು ಎಲ್ಲಿ ಬರೆದೆ? ನಮ್ಮದು ಮಳೆ ರಾಗಿ ಹೊಲ. ಕಳೆ ಕೈಯಲ್ಲೇ ತೆಗೆಸ್ತೀವಿ, ಹೆಣ್ಣಾಳಿಗೆ 400 ಕೂಲಿ, ಮಧ್ಯಾಹ್ನದ ಊಟ ಬೇರೆ. ಔಷಧಿ ಹೊಡೆದರೆ ಅಣ್ಣೆ ಸೊಪ್ಪು ಒಂದೇ ವರ್ಷಕ್ಕೆ ಕಾಣೆಯಾಗುತ್ತೆ ಅಂತಲೇ ಆ ಖರ್ಚು ಮಾಡೋದು. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಏರಿದೆ ಅನ್ನೋ ರೈತರೂ ಇದ್ದಾರೆ, ಅವರನ್ನೂ ಕೇಳಿ.

ಮಾಲೂರು
ನೀರು ಏರಿದ್ದು ಸರಿ, ಎಂಥ ನೀರು ಏರಿತು ಅನ್ನೋದು ನನ್ನ ಪ್ರಶ್ನೆ. ನಮ್ಮ ಬೋರ್ ನೀರು ಟೆಸ್ಟ್ ಮಾಡಿಸೋಕೆ 2,800 ಕೊಟ್ಟಿದ್ದೀನಿ. ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ.

ಶಿರಾ
ಮಧುಗಿರಿಯವರೇ, ಬಿ12 ಟೆಸ್ಟ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಸೋಮವಾರ ಕರ್ಕೊಂಡು ಹೋಗ್ತೀನಿ. ಡಬ್ಬಿ ಚಿಕ್ಕಮ್ಮನಿಗೆ ವಾಪಸ್ ಕಳಿಸಿದ್ದೀನಿ, ಅವರು ಈಗ ಫೋನ್ ಎತ್ತುತ್ತಿಲ್ಲ.

ಗೌರಿಬಿದನೂರು
ಒಡೆಯದ ಡಬ್ಬಿ ತಾನೇ? ಬಿಲ್ ಇದ್ದರೆ ಕಂಪನಿಯವರು ಹಣ ವಾಪಸ್ ಕೊಡ್ತಾರೆ. ಚಿಕ್ಕಮ್ಮನಿಗೆ ಬಿಲ್ ಹುಡುಕೋಕೆ ಹೇಳಿ.