ಪದಚರ್ಚೆ: ಸೊಸೈಟಿ, ಕೊಲಾಬರೇಶನ್ – ಗ್ಯಾಸ್ ಟರ್ಬೈನ್ ವಿಷಯಕ್ಕೆ ಯಾವ ಕನ್ನಡ ಪದ ಹೊಂದುತ್ತೆ?

ಎಲ್ಲರಿಗೂ ನಮಸ್ಕಾರ. ಗ್ಯಾಸ್ ಟರ್ಬೈನ್ ಕ್ಷೇತ್ರದಲ್ಲಿ ಬೇರೆ ಬೇರೆ ದೇಶದ ಇಂಜಿನಿಯರಿಂಗ್ ಸೊಸೈಟಿಗಳು, ಅಂದ್ರೆ ಇಂಜಿನಿಯರುಗಳೇ ಸೇರಿ ಕಟ್ಟಿಕೊಂಡ ವಿದ್ವತ್ ಕೂಟಗಳು, ಒಟ್ಟಿಗೆ ಸೇರಿ ಏನೇನು ಮಾಡ್ತವೆ ಅನ್ನೋದರ ಮೇಲೆ ಒಂದು ಲೇಖನ ಬರೀತಾ ಇದೀನಿ. ಕಂಪ್ರೆಸರ್ (ಗಾಳಿಯನ್ನ ಒತ್ತೋ ಭಾಗ), ಬ್ಲೇಡು, ಕಂಬಸ್ಟರ್ (ಇಂಧನ ಉರಿಯೋ ಭಾಗ) ಇವನ್ನೆಲ್ಲ ಹಾಗೇ ಬಿಟ್ಟಿದೀನಿ, ಓದೋರಿಗೆ ಅದೇ ಸಲೀಸು. ತೊಡಕಿರೋದು ಸೊಸೈಟಿ, ಕೊಲಾಬರೇಶನ್ ಅನ್ನೋ ಎರಡು ಸಾದಾ ಪದಗಳಲ್ಲಿ.

ನಿಘಂಟಿನ ಪ್ರಕಾರ ಹೋದ್ರೆ "ಇಂಜಿನಿಯರಿಂಗ್ ಸಂಘಗಳ ಅಂತಾರಾಷ್ಟ್ರೀಯ ಸಹಕಾರ" ಅಂತ ಆಗುತ್ತೆ. ಸಂಘ, ಸಹಕಾರ ಎರಡೂ ಒಂದೇ ಸಾಲಲ್ಲಿ ಕಂಡ ತಕ್ಷಣ ಓದೋರ ತಲೆ ಸಾಲ, ಷೇರು, ಠೇವಣಿ ಕಡೆ ಹೋಗುತ್ತೆ. ಸರಿ, ಸಂಘ ಬೇಡ ಸಂಸ್ಥೆ ಅನ್ನೋಣ ಅಂದ್ರೆ ಈಗ ಕಂಪನಿಗೂ ಸಂಸ್ಥೆ ಅಂತಲೇ ಬರೀತಾರೆ, ಮತ್ತೆ ಈ ಕ್ಷೇತ್ರದಲ್ಲಿ ಕಂಪನಿಗಳು ದೇಶ ದಾಟಿ ಕೈಜೋಡಿಸೋದು ಬಹಳ ಹಳೇ ಕಥೆ, ಹಾಗಾಗಿ ಗೊಂದಲ ಇನ್ನೂ ಜಾಸ್ತಿ. ವಿಮಾನದ ಜೆಟ್ ಎಂಜಿನ್ನೂ ಗ್ಯಾಸ್ ಟರ್ಬೈನೇ ತಾನೆ; ಅಂಥ ಎಂಜಿನ್ ಮಾಡೋಕೆ ಅಮೆರಿಕದ ಜಿಇ ಮತ್ತು ಫ್ರಾನ್ಸಿನ ಸ್ನೆಕ್ಮಾ ಕಂಪನಿಗಳು ಸೇರಿ 1974ರಲ್ಲಿ ಸಿಎಫ್‌ಎಂ ಅನ್ನೋ ಕಂಪನಿ ಕಟ್ಟಿದ್ರು, ಅರ್ಧ ಅರ್ಧ ಪಾಲು. 1983ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಏರೋ ಎಂಜಿನ್ಸ್‌ನಲ್ಲಿ ಐದು ಪಾಲುದಾರರಿದ್ರು, ಅವರ ವಿ2500 ಎಂಜಿನ್ನಿನ "ವಿ" ರೋಮನ್ ಲಿಪಿಯ ಐದೇ. "ಸಂಸ್ಥೆಗಳ ಅಂತಾರಾಷ್ಟ್ರೀಯ ಸಹಕಾರ" ಅಂತ ನಾನು ಬರೆದ್ರೆ ಓದೋರು ಇದನ್ನೇ ಅಂದ್ಕೋತಾರೆ, ತಪ್ಪೂ ಅಲ್ಲ. ಆದ್ರೆ ಇದಕ್ಕೆ ಪಾಲುದಾರಿಕೆ ಅನ್ನೋ ಗಟ್ಟಿ ಪದ ಇದ್ದೇ ಇದೆಯಲ್ಲ. ಲಾಭ ನಷ್ಟ ಹಂಚ್ಕೊಳೋ ಕಡೆ ಪಾಲು ಅನ್ನಬೇಕು. ಸೊಸೈಟಿಗಳ ನಡುವೆ ಹಂಚಿಕೆ ಆಗೋದು ಪ್ರಬಂಧ, ಪರೀಕ್ಷಾ ವಿಧಾನ, ವಿಮರ್ಶೆ ಮಾಡೋರ ಸಮಯ ಇಂಥವು.

ಸೊಸೈಟಿ ಅನ್ನೋದಕ್ಕೆ ಬೇರೆ ದೇಶಗಳಲ್ಲೂ ಒಂದೇ ಹೆಸರಿಲ್ಲ. 1847ರ ಬ್ರಿಟಿಷರದ್ದು ಇನ್‌ಸ್ಟಿಟ್ಯೂಶನ್, 1856ರ ಜರ್ಮನ್ನರದ್ದು ಫೆರೈನ್ ಅಂದ್ರೆ ಅಪ್ಪಟ ಸಂಘ, 1880ರ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳದ್ದು (ಎಎಸ್‌ಎಂಇ) ಸೊಸೈಟಿ. ನನಗೆ ಹೆಚ್ಚು ಹಿಡಿಸಿದ್ದು ಜಪಾನಿನದು, ಅಲ್ಲಿ ಗ್ಯಾಸ್ ಟರ್ಬೈನ್ ಸೊಸೈಟಿಯ ಹೆಸರಲ್ಲಿರೋ ಪದ ಗಕ್ಕಾಯ್, ಬಿಡಿಸಿದ್ರೆ ಕಲಿಕೆ ಮತ್ತೆ ಕೂಟ. ನಮ್ಮಲ್ಲಿ ಪರಿಷತ್ತು ಅನ್ನೋದು ಇದಕ್ಕೆ ಬಹಳ ಹತ್ತಿರ ಅಲ್ವಾ? ವಿದ್ವತ್ತಿನ ವಾಸನೆ ಇದೆ, ವ್ಯಾಪಾರದ್ದಿಲ್ಲ. ಶಾಸನಸಭೆಯ ನೆನಪು ಬರುತ್ತೆ ಅನ್ನೋದೊಂದೇ ಆಕ್ಷೇಪ, ಅದು ಹಿಂದೆ ಮುಂದೆ ಓದಿದ್ರೆ ಬಗೆಹರಿಯುತ್ತೆ. ನನ್ನ ಮತ "ಇಂಜಿನಿಯರುಗಳ ಪರಿಷತ್ತು".

ಈಗ ಕೊಲಾಬರೇಶನ್. ಇಂಗ್ಲಿಷ್‌ನೋರು ಒಂದೇ ಪದದಡಿ ಹಲವು ಕೆಲಸ ತುಂಬ್ತಾರೆ, ಕನ್ನಡದಲ್ಲಿ ಅವು ಬೇರೆ ಬೇರೆ ಆಗೇ ಇವೆ ಅನ್ನೋದು ನನ್ನ ವಾದ. 1971ರಲ್ಲಿ ಟೋಕಿಯೋದಲ್ಲಿ ಜಪಾನಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸೊಸೈಟಿ ಮತ್ತು ಎಎಸ್‌ಎಂಇ ಸೇರಿ ಗ್ಯಾಸ್ ಟರ್ಬೈನ್ ಸಮ್ಮೇಳನ ನಡೆಸಿದ್ವು, ಮರುವರ್ಷವೇ ಅಲ್ಲಿ ಗ್ಯಾಸ್ ಟರ್ಬೈನಿಗೇ ಅಂತ ಪ್ರತ್ಯೇಕ ಸಂಘಟನೆ ಹುಟ್ಟಿಕೊಳ್ತು. ಆ ಸಮ್ಮೇಳನಕ್ಕೆ "ಸಂಯುಕ್ತಾಶ್ರಯದಲ್ಲಿ" ಅನ್ನೋದು ಹೇಳಿ ಮಾಡಿಸಿದ ಹಾಗಿದೆ, ಆಮಂತ್ರಣ ಪತ್ರಿಕೆಗಳಲ್ಲಿ ದಿನಾ ಓದೋ ಪದ. ಅದೇ ಎಎಸ್‌ಎಂಇಯ ಗ್ಯಾಸ್ ಟರ್ಬೈನ್ ಸಮ್ಮೇಳನ ಟರ್ಬೋ ಎಕ್ಸ್‌ಪೋ 2016ರಲ್ಲಿ ಸೋಲ್‌ಗೆ, 2018ರಲ್ಲಿ ಓಸ್ಲೋಗೆ ಹೋಯ್ತು, ಆದ್ರೆ ಯಜಮಾನಿಕೆ ಎಎಸ್‌ಎಂಇದೇ. ಇಂಥ ಕಡೆ ಆ ದೇಶದ ಇಂಜಿನಿಯರಿಂಗ್ ಸೊಸೈಟಿ ಏನಾದ್ರೂ ನೆರವಿಗೆ ನಿಂತ್ರೆ ಅದು "ಸಹಯೋಗ", ಸಂಯುಕ್ತಾಶ್ರಯ ಅಲ್ಲ. ಪತ್ರಿಕೆ ಓದೋ ಯಾರಿಗೇ ಆಗಲಿ ಈ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತೆ.

ಇನ್ನೊಂದು ಕೆಲಸಕ್ಕೆ ಮಾತ್ರ ಪದ ಸಿಗ್ತಾ ಇಲ್ಲ, ಅದಕ್ಕೇ ಈ ಪತ್ರ. ಗ್ಯಾಸ್ ಟರ್ಬೈನಿನ ಪವರ್ ಇಷ್ಟು ಮೆಗಾವ್ಯಾಟ್ ಅಂತ ಹೇಳುವಾಗ ಹೊರಗಿನ ಗಾಳಿ ಹೇಗಿತ್ತು ಅಂತ ಹೇಳದೇ ಇದ್ರೆ ಆ ಅಂಕಿಗೆ ಅರ್ಥ ಇಲ್ಲ. ಗಾಳಿ ಬಿಸಿಯಾದ್ರೆ ತೆಳು ಆಗುತ್ತೆ, ಕಂಪ್ರೆಸರ್ ಒಳಗೆ ಎಳ್ಕೊಳೋ ಗಾಳಿಯ ತೂಕ ಕಮ್ಮಿ ಆಗುತ್ತೆ, ಪವರ್ ಇಳಿಯುತ್ತೆ. ಹಾಗಾಗಿ ಅಂತಾರಾಷ್ಟ್ರೀಯ ಮಾನಕಗಳ (ಸ್ಟ್ಯಾಂಡರ್ಡ್‌ಗಳ) ಸಂಸ್ಥೆ ಐಎಸ್ಒ 15 ಡಿಗ್ರಿ ಸೆಲ್ಸಿಯಸ್, 101.3 ಕಿಲೋಪಾಸ್ಕಲ್ ಒತ್ತಡ, 60 ಪರ್ಸೆಂಟ್ ತೇವಾಂಶ ಅಂತ ಗೊತ್ತು ಮಾಡಿದೆ, ಮಾರೋರೂ ಕೊಳ್ಳೋರೂ ಅದೇ ಲೆಕ್ಕದಲ್ಲಿ ಮಾತಾಡ್ತಾರೆ. ಇಂಥ ಮಾನಕ ಬರೆಯೋಕೆ ಹಲವು ದೇಶದೋರು ಒಂದು ಸಮಿತೀಲಿ ಕೂತು ಸಾಲು ಸಾಲಿಗೂ ವಾದ ಮಾಡಿ ಕೊನೆಗೆ ಎಲ್ರೂ ಹೂಂ ಅನ್ನೋ ಹಾಗೆ ಮಾಡ್ತಾರೆ. ಇದು ಸಹಯೋಗವೂ ಅಲ್ಲ, ಒಪ್ಪಂದ ಅಂದ್ರೆ ಸಹಿ ಹಾಕಿದ ಕರಾರು ಅನ್ಸುತ್ತೆ. "ಒಮ್ಮತದ ಮಾನಕ" ಅಂತ ಸದ್ಯಕ್ಕೆ ಹಾಕಿದೀನಿ. ಫಲಕ್ಕೆ ಅದು ಸರಿ, ಕೂತು ತಿದ್ದೋ ಕ್ರಿಯೆಗೆ ಏನಂತೀರಿ?

ಜೊತೆಗೆ ಒಂದು ಚಿಕ್ಕ ಕೊಸರು. ಅನಿಲ ಟರ್ಬೈನು ಅಂತ ಬರೆಯೋದು ನನಗೆ ಒಗ್ತಾ ಇಲ್ಲ, ಓದೋರು ಅನಿಲ ಅಂದ್ರೆ ಉರಿಸೋ ಇಂಧನ ಅಂದ್ಕೋತಾರೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಬ್ರೌನ್ ಬೊವೆರಿ ಕಂಪನಿ ಕೂರಿಸಿದ, ವಿದ್ಯುತ್ ಉತ್ಪಾದನೆಯ ಮೊದಲ ಗ್ಯಾಸ್ ಟರ್ಬೈನ್ ಉರಿಸ್ತಿದ್ದಿದ್ದು ಎಣ್ಣೆ. (1988ರಲ್ಲಿ ಅದನ್ನ ಚಾರಿತ್ರಿಕ ಯಂತ್ರ ಅಂತ ಗೌರವಿಸಿದ್ದು ಸಮುದ್ರದಾಚೆಯ ಎಎಸ್‌ಎಂಇ, ಇದನ್ನೂ ಲೇಖನದಲ್ಲಿ ಸೇರಿಸಿದೀನಿ.) ಇಲ್ಲಿ ಗ್ಯಾಸ್ ಅಂದ್ರೆ ಬ್ಲೇಡುಗಳನ್ನ ತಿರುಗಿಸೋ ಬಿಸಿ ಗಾಳಿ ಮತ್ತು ಹೊಗೆ ಅಷ್ಟೇ. ಅದಕ್ಕೇ ಗ್ಯಾಸ್ ಟರ್ಬೈನ್ ಅಂತಲೇ ಉಳಿಸಿದೀನಿ.

ಮಾನಕಗಳ ಸಮಿತೀಲಿ ಕೂತು ಅನುಭವ ಇರೋರು ಈ ಗುಂಪಲ್ಲಿ ಯಾರಾದ್ರೂ ಇದ್ರೆ, ನೀವು ನೀವೇ ಕನ್ನಡದಲ್ಲಿ ಮಾತಾಡುವಾಗ ಆ ಕೆಲಸಕ್ಕೆ ಏನಂತೀರಿ ಅಂತ ದಯವಿಟ್ಟು ತಿಳಿಸಿ. ಪರಿಷತ್ತು ಬೇಡ ಅನ್ನೋರು ಕಾರಣ ಬರೀರಿ.