ತುರ್ತು: ‘ಪ್ರೀತಿಯನ್ನು ಆರಿಸಿ’ ಅಂದರೆ ಏನರ್ಥ ಬರುತ್ತದೆ?

ಎಲ್ಲರಿಗೂ ನಮಸ್ಕಾರ.

ಸಂಜೆ ಏಳರೊಳಗೆ ಬ್ಯಾನರ್ ಅಂಗಡಿಗೆ ಒಂದು ಸಾಲು ಕಳಿಸಬೇಕು. ಭಾನುವಾರ ನಮ್ಮ ಚರ್ಚಿನಲ್ಲಿ ಯುವಕರ ಕೂಟ ಇದೆ. 1957ರ ನವೆಂಬರ್ 17ರಂದು, ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮಾಂಟ್ಗಮರಿಯ ಡೆಕ್ಸ್ಟರ್ ಅವೆನ್ಯೂ ಚರ್ಚಿನಲ್ಲಿ ವೈರಿಗಳನ್ನು ಪ್ರೀತಿಸುವ ಬಗ್ಗೆ ಮಾಡಿದ ಪ್ರಸಂಗವೇ ಅವತ್ತಿನ ವಿಷಯ. ನಾನು ಬರೆದ ಸಾಲು: ‘ದ್ವೇಷವನ್ನು ತೊರೆಯಿರಿ, ಪ್ರೀತಿಯನ್ನು ಆರಿಸಿ’. ಅದರ ಕೆಳಗೆ ಉರಿಯುವ ಮೊಂಬತ್ತಿಯ ಚಿತ್ರ.

ಮಾದರಿ ಫೋನಿಗೆ ಬಂತು. ನಮ್ಮ ಅಜ್ಜಿ ಕನ್ನಡಕ ಏರಿಸಿಕೊಂಡು ಓದಿ, ‘ಯಾಕ್ರೋ ಆರಿಸ್ತೀರಾ, ಉರೀಲಿ ಬಿಡಿ’ ಅಂದರು. ಆಗಿನಿಂದ ನನಗೂ ಅದು ಹಾಗೇ ಕಾಣುತ್ತಿದೆ.

ಇನ್ನೊಂದು ಪ್ರಶ್ನೆ. ಯೇಸು ವೈರಿಯನ್ನು ‘ಲೈಕ್’ ಮಾಡಿ ಅನ್ನಲಿಲ್ಲ, ‘ಲವ್’ ಮಾಡಿ ಅಂದರು, ಅದಕ್ಕೇ ಈ ಮಾತು ಸಾಧ್ಯ ಅನ್ನುವುದು ಕಿಂಗ್ ವಾದ. ಇದನ್ನು ಕನ್ನಡದಲ್ಲಿ ಹೇಗೆ ಹೇಳಲಿ? ಜೊತೆಗೆ ಎರೋಸ್ (ಪ್ರಣಯ), ಫಿಲಿಯಾ (ಗೆಳೆತನ), ಅಗಾಪೆ (ಪ್ರತಿಫಲ ಬಯಸದೆ ಎಲ್ಲರ ಒಳಿತು ಬಯಸುವ ಪ್ರೀತಿ) ಎಂದು ಮೂರು ಗ್ರೀಕ್ ಪದ ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಮೂರಕ್ಕೂ ‘ಪ್ರೀತಿ’ ಒಂದೇ ಆಗಿಬಿಡುತ್ತದೆ.

ಉತ್ತರ, ಧಾರವಾಡದಿಂದ

ಹಳಗನ್ನಡದವರಿಗೆ ಈ ತೊಂದರೆ ಇರಲಿಲ್ಲ. ದೀಪ ಆರುವುದು ‘ಆಱು’, ಅಲ್ಲಿರುವುದು ಶಕಟರೇಫ, ಅಂದರೆ ಈಗ ಕನ್ನಡ ಬಿಟ್ಟಿರುವ ‘ಱ’ ಅಕ್ಷರ. ತಮಿಳರು ಆ ಅಕ್ಷರವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಹೆಕ್ಕಿ ತೆಗೆಯುವ ‘ಆರಿಸು’ ಬೇರೆ. ಅದು ‘ಆರಯ್’ ಎಂಬುದರಿಂದ ಬಂದದ್ದು, ‘ಆರೈಕೆ’ ಅದರ ತಂಗಿ ಎಂದು ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅಕ್ಷರ ಬಿಟ್ಟವರು ಈಗ ಅನುಭವಿಸಿ.

ದ್ವೇಷ, ಪ್ರೀತಿ ಎರಡೂ ಸಂಸ್ಕೃತ. ‘ಹಗೆ ತೊರೆ, ಒಲವ ಆಯ್’ ಎಂದು ಹಾಕಿ. ಹಗೆ ನಮ್ಮದು. ತಮಿಳಿನ ಪಗೈ, ತೆಲುಗಿನ ಪಗ ನೋಡಿ. ನಮ್ಮ ಕಡೆ ಜೋಳ ತುಂಬಿಡುವ ಹಗೇವು ಕೂಡ ಇದೇ ಬೇರಿನದು ಎಂದು ನನ್ನ ನಂಬಿಕೆ. ನೆಲದಡಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಬಾಯಿ ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಆಳು ಸಾಯುತ್ತಾನೆ. ಹಗೆ ಅಂದರೆ ಅದೇ ಅಲ್ವಾ?

ಮೂರು ಗ್ರೀಕ್ ಪದಕ್ಕೆ ಮೂರು ಕನ್ನಡ ಪದ: ಒಲವು, ಕೆಳೆತನ, ಅಕ್ಕರೆ. ಮುಗಿಯಿತು.

ಉತ್ತರ, ಮೈಸೂರಿನಿಂದ

ಮುಗಿಯಲಿಲ್ಲ.

ಹಗೇವಿನ ಕಥೆ ಕೇಳಲು ಚೆನ್ನಾಗಿದೆ. ಆಧಾರ ಇಲ್ಲ.

‘ಹಗೆ’ ಅಂದರೆ ಹಗೆತನವೂ ಹೌದು, ಹಗೆಯಾದ ಮನುಷ್ಯನೂ ಹೌದು. ಬ್ಯಾನರಿನಲ್ಲಿ ‘ಹಗೆ ತೊರೆ’, ಪ್ರಸಂಗದಲ್ಲಿ ‘ಹಗೆಯನ್ನು ಪ್ರೀತಿಸಿ’. ಹುಡುಗರು ಯಾವುದನ್ನು ಮಾಡಬೇಕು? ‘ಒಲವು’ ಮದುವೆ ಕರೆಯೋಲೆ ಸೇರಿ ಆಗಿದೆ. ‘ಒಲಿ’ ಕ್ರಿಯಾಪದ ‘ಗೆ’ ಕೇಳುತ್ತದೆ. ದೇವರು ಭಕ್ತನಿಗೆ ಒಲಿಯುತ್ತಾನೆ. ವೈರಿಗೆ ಒಲಿಯಿರಿ ಅಂದರೆ ಶರಣಾಗಿ ಅಂದ ಹಾಗಾಯಿತು. ಅಕ್ಕರೆ ತೊಟ್ಟಿಲ ಕೂಸಿಗೆ ಸರಿ. 1956ರ ಜನವರಿಯಲ್ಲಿ ಕಿಂಗ್ ಮನೆಗೆ ಬಾಂಬ್ ಎಸೆದರು. ಹೆಂಡತಿ, ಹಸುಗೂಸು ಒಳಗಿದ್ದರು. ಎಸೆದವನ ಮೇಲೆ ಅಕ್ಕರೆ ತೋರಿಸಿ ಎಂದು ಅವರು ಹೇಳಿದ್ದಲ್ಲ.

ಮೂರು ಪದ ಹುಡುಕುವುದನ್ನು ಬಿಡಿ. ಗ್ರೀಕ್ ಪದಗಳನ್ನು ಹಾಗೇ ಇಟ್ಟು ಒಂದೊಂದು ಸಾಲು ವಿವರಿಸಿ. ಕಿಂಗ್ ಇಂಗ್ಲಿಷಿನಲ್ಲಿ ಮಾಡಿದ್ದೂ ಅದನ್ನೇ.

‘ಲೈಕ್’, ‘ಲವ್’ ವಿಚಾರದಲ್ಲಿ ಕನ್ನಡವೇ ನಿಮ್ಮ ಕೆಲಸ ಮಾಡಿಕೊಟ್ಟಿದೆ. ‘ನನಗೆ ಇಷ್ಟ’ ಅನ್ನುತ್ತೇವೆ. ಅದು ನನಗೆ ಆಗುವ ಸಂಗತಿ, ಹಸಿವು, ನಿದ್ದೆ, ಚಳಿ ಇದ್ದ ಹಾಗೆ. ದ್ವೇಷಕ್ಕೂ ಬಾಯಲ್ಲಿ ಇರುವುದು ಅಂಥದೇ ಮಾತು: ‘ಅವನನ್ನ ಕಂಡ್ರೆ ಆಗಲ್ಲ’. ಮನೆಯಲ್ಲಿ ಯಾರಾದರೂ ‘ನಾನು ಅವನನ್ನು ದ್ವೇಷಿಸುತ್ತೇನೆ’ ಅಂದದ್ದು ಕೇಳಿದ್ದೀರಾ? ಆಗುವುದನ್ನು ಯಾರೂ ಅಪ್ಪಣೆ ಕೊಟ್ಟು ಮಾಡಿಸಲಾರರು. ‘ಪ್ರೀತಿಸಿರಿ’ ಹಾಗಲ್ಲ. ಅಲ್ಲಿ ಕರ್ತೃ ನೀವೇ. ಹಾಗಾಗಿ ಸುಮ್ನೆ ಹೀಗೆ ಬರೆಯಿರಿ: ‘ವೈರಿಯನ್ನು ಕಂಡರೆ ನಿಮಗೆ ಇಷ್ಟವಾಗಬೇಕು ಎಂದು ಯೇಸು ಹೇಳಲಿಲ್ಲ. ಅವನನ್ನು ಪ್ರೀತಿಸಿರಿ ಎಂದರು.’

ಉತ್ತರ, ಮಂಗಳೂರಿನಿಂದ

ಸಾರ್, ‘ನನಗೆ ಅವನ ಮೇಲೆ ಪ್ರೀತಿ’ ಅನ್ನುವುದಿಲ್ಲವಾ? ಅಲ್ಲೂ ‘ಗೆ’ ಇದೆ. ನಿಮ್ಮ ವಾದ ಅರ್ಧ ಸರಿ. ಹೆಸರುಪದ ಬಿಟ್ಟು ಕ್ರಿಯಾಪದ ಹಿಡಿದರೆ ಮಾತ್ರ ನಿಲ್ಲುತ್ತದೆ.

ತಮ್ಮಾ, ಬೈಬಲ್ ಓದುವ ಮನೆಯವನು ನೀನು, ನಿನಗೆ ‘ಆದುಕೊಳ್ಳು’ ನೆನಪಾಗಲಿಲ್ಲವಾ? ಹಳೆ ಭಾಷಾಂತರದಲ್ಲಿ ‘ದೇವರಾದುಕೊಂಡ ಜನಾಂಗ’ ಎಂದೇ ಇದೆ. ಆಯ್ದುಕೊಳ್ಳು ಸವೆದು ಆದ ಪದ. ನಮ್ಮ ಅಪ್ಪ ಪ್ರಾರ್ಥನೆಯಲ್ಲಿ ದಿನಾ ಹೇಳುತ್ತಿದ್ದರು. ‘ಪ್ರೀತಿಯನ್ನೇ ಆದುಕೊಳ್ಳಿರಿ’ ಎಂದು ಹಾಕು.

ಇನ್ನು ‘ದ್ವೇಷ’. ಲೂಕ 14:26ರಲ್ಲಿ ತಂದೆತಾಯಿಯನ್ನೂ ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಎಂಬ ಮಾತು ಬರುತ್ತದೆ. ಕೂಟದಲ್ಲಿ ಯಾರಾದರೂ ಹುಡುಗ ಅದನ್ನು ಎತ್ತಿಯೇ ಎತ್ತುತ್ತಾನೆ. ಅದು ಆ ನಾಡಿನ ಮಾತಿನ ರೀತಿ, ಅಲ್ಲಿ ಹಗೆ ಅಂದರೆ ಕಡಿಮೆ ಪ್ರೀತಿಸುವುದು. ಮತ್ತಾಯ 10:37ರಲ್ಲಿ ಅದೇ ಮಾತು ‘ನನಗಿಂತ ಹೆಚ್ಚಾಗಿ’ ಎಂದು ಬಿಡಿಸಿ ಬಂದಿದೆ. ಉತ್ತರ ತಯಾರಿಟ್ಟುಕೋ.

ಉತ್ತರ, ಧಾರವಾಡದಿಂದ

‘ಆದುಕೊಳ್ಳಿರಿ’ ಓದಿದವರು ಅಚ್ಚಿನ ತಪ್ಪು ಅನ್ನುತ್ತಾರೆ.

ಸಂಸ್ಕೃತದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಎರಡೇ ಭಾವಕ್ಕೆ ಎರಡು ಸ್ವಂತ ಪದ ಇಲ್ಲದಷ್ಟು ಬಡತನವೇ ಕನ್ನಡಕ್ಕೆ?

ಉತ್ತರ, ಮಂಗಳೂರಿನಿಂದ

ಮೇಷ್ಟ್ರೇ, ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಕಿಟೆಲ್ ನಿಘಂಟು 1894ರಲ್ಲಿ ನಮ್ಮೂರಿನಲ್ಲೇ ಅಚ್ಚಾಯಿತು. ಆಮೇಲೆ ಎಷ್ಟು ತಲೆಮಾರು ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ’ ಎಂದು ಬಾಯಿಪಾಠ ಮಾಡಿತು ಲೆಕ್ಕ ಹಾಕಿ. ಆ ‘ಪ್ರೀತಿ’ ಇನ್ನೂ ನೆಂಟರ ಮನೆಯ ಪದವಾ? ನಾವು ಇಗರ್ಜಿ ಅನ್ನುತ್ತೇವೆ, ಪಾದ್ರಿ ಅನ್ನುತ್ತೇವೆ, ಎರಡೂ ಪೋರ್ಚುಗೀಸ್. ಕ್ರಿಸ್ತ ಗ್ರೀಕ್. ಒಂದೊಂದಾಗಿ ಹೊರಗೆ ಹಾಕುತ್ತಾ ಹೋದರೆ ಕೊನೆಗೆ ಬೆಂಚು ಉಳಿಯುತ್ತದೆ. ಅದೂ ಇಂಗ್ಲಿಷು.

ಉತ್ತರ, ಧಾರವಾಡದಿಂದ

ಹಾಸ್ಯ ವಾದವಲ್ಲ.

ಉತ್ತರ, ಮೈಸೂರಿನಿಂದ

ಆರೂಕಾಲಾಯಿತು, ಹುಡುಗ ಕಾಯುತ್ತಿದ್ದಾನೆ.

‘ಆರಿಸಿ’ ಜಾಗದಲ್ಲಿ ‘ಆರಿಸಿಕೊಳ್ಳಿ’ ಅಂದರೆ ದೀಪ ನಂದಿಸುವ ಅರ್ಥ ಹೋಗುತ್ತದೆ. ‘ಕೊಳ್ಳು’ ಬಂದ ಮೇಲೆ ಅದು ತನಗಾಗಿ ತೆಗೆದುಕೊಳ್ಳುವುದೇ. ಆದರೆ ತರಕಾರಿ ಅಂಗಡಿಯ ವಾಸನೆ ಬರುತ್ತದೆ. ಟೊಮೇಟೊ ಆರಿಸಿಕೊಳ್ಳಿ, ಪ್ರೀತಿ ಆರಿಸಿಕೊಳ್ಳಿ.

ನನ್ನ ಸಲಹೆ ‘ಬಿಡು’, ‘ಹಿಡಿ’ ಎಂಬ ಎರಡು ಪದ. ಕಿಂಗ್ 1967ರಲ್ಲಿ ಅಟ್ಲಾಂಟಾದಲ್ಲಿ ಮಾತಾಡುವಾಗ, ದ್ವೇಷದ ಹೊರೆ ಹೊರಲಾರದಷ್ಟು ಭಾರ, ಅದಕ್ಕೇ ಪ್ರೀತಿಗೇ ಅಂಟಿಕೊಳ್ಳಲು ತೀರ್ಮಾನಿಸಿದ್ದೇನೆ ಎಂದರು. ಒಂದು ಸಲ ಆರಿಸಿ ಪಕ್ಕಕ್ಕಿಡುವ ಮಾತಲ್ಲ ಅದು. ಹಿಡಿದವನು ಹಿಡಿದೇ ಇರಬೇಕು. ‘ದ್ವೇಷ ಬಿಡಿ, ಪ್ರೀತಿಯ ದಾರಿ ಹಿಡಿಯಿರಿ’. ಇನ್ನೂ ಚಿಕ್ಕದು ಬೇಕಾದರೆ ಬರೀ ‘ಪ್ರೀತಿಸಿ’.

ಪ್ರಶ್ನೆ ಕೇಳಿದವನಿಂದ

ಯುವಕರ ಕೂಟಕ್ಕೆ ಬರೀ ‘ಪ್ರೀತಿಸಿ’ ಎಂದು ಬ್ಯಾನರ್ ಕಟ್ಟಿದರೆ ಪಾಸ್ಟರ್ ಮೊದಲು ನನ್ನನ್ನೇ ಕರೆಸುತ್ತಾರೆ ಸಾರ್.

‘ಬಿಡಿ, ಹಿಡಿಯಿರಿ’ ಕಳಿಸಿದೆ. ಅಂಗಡಿಯವರು ‘ದಾರಿ’ ಪಕ್ಕ ಬಾಣದ ಗುರುತು ಹಾಕಲಾ ಎಂದು ಕೇಳಿದರು, ಬೇಡ ಅಂದೆ. ಅಮ್ಮಾ, ಲೂಕನ ವಚನಕ್ಕೆ ಉತ್ತರ ಬರೆದಿಟ್ಟುಕೊಂಡೆ. ‘ಆದುಕೊಳ್ಳು’ ಪ್ರಾರ್ಥನೆಯಲ್ಲಿ ಸೇರಿಸುತ್ತೇನೆ, ಅಲ್ಲಿ ಯಾರೂ ಅಚ್ಚಿನ ತಪ್ಪು ಅನ್ನುವುದಿಲ್ಲ. ಹೊಸ ಸಾಲನ್ನು ಅಜ್ಜಿಗೆ ಓದಿ ಹೇಳಿದೆ. ‘ಹೂಂ, ಈಗ ಮೊಂಬತ್ತಿ ಇರಲಿ’ ಅಂದರು.

ಉತ್ತರ, ಧಾರವಾಡದಿಂದ

‘ದಾರಿ’ ಬಗ್ಗೆ ನನ್ನದೊಂದು ತಕರಾರಿದೆ. ನಾಳೆ ಬರೆಯುತ್ತೇನೆ.